ಮರಿಯವ್ವನ ಹಾಜರಿ

ದಾವಣಗೆರೆ ಆನೆಕೊಂಡದ ಮರಿಯವ್ವನಿಗೆ ತಾರಸಿ ಬಡಿಯುವುದೊಂದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳಿಗೆ ಹಾಡು ಬರುತ್ತಿತ್ತು, ಜಗಳ ಬರುತ್ತಿತ್ತು, ಎಂಥ ಗಂಟುಮೋರೆಯವರನ್ನೂ ನಗಿಸಲು ಬರುತ್ತಿತ್ತು. ಬಾರದೇ ಇದ್ದದ್ದು ಒಂದೇ, ಮೆತ್ತಗೆ ಮಾತಾಡುವುದು. ಇಪ್ಪತ್ತು ಜನ ಹೆಂಗಸರು ಒಟ್ಟಿಗೆ ಗಾರೆ ಬಡಿಯುವ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ಹಾಗೆ ಪಳಗಿಬಿಟ್ಟಿತ್ತು. ಗುಟ್ಟು ಹೇಳುತ್ತೇನೆಂದು ನಮ್ಮ ಕಿವಿಯ ಹತ್ತಿರ ಬಾಯಿ ತಂದರೂ ಬೀದಿಗೆಲ್ಲ ಕೇಳುತ್ತಿತ್ತು. ಆ ಗಂಟಲು ಒಂದು ದಿನ ಹರಿಹರದಲ್ಲಿ ಸಾವಿರ ಜನರನ್ನು ಮೊಣಕಾಲೂರಿಸಿತು. ನಾನು ಅಲ್ಲೇ ಇದ್ದೆ. ಇದ್ದೆ ಏನು, ಅಷ್ಟಕ್ಕೂ ಕಾರಣ ನಾನೇ.

ನಾನು ಲೂರ್ದಮ್ಮ, ಹರಿಹರದ ನಮ್ಮ ಮಾತೆಯ ಗುಡಿಯ ಉಪದೇಶಿ ಚೌರಪ್ಪನವರ ಹೆಂಡತಿ. ಕ್ರೈಸ್ತರಲ್ಲದವರಿಗೆ ಉಪದೇಶಿ ಎಂದರೆ ಯಾರೆಂದು ತಿಳಿಯಲಿಕ್ಕಿಲ್ಲ. ಮಕ್ಕಳಿಗೆ ಜಪ ಕಲಿಸುವುದು, ಪೂಜೆಗೆ ಎಲ್ಲ ಅಣಿ ಮಾಡಿ ಸ್ವಾಮಿಗಳಿಗೆ, ಅಂದರೆ ಗುಡಿಯ ಪಾದ್ರಿಗಳಿಗೆ, ನೆರವಾಗುವುದು, ಗುಡಿಯ ಬೀಗದ ಕೈ ಕಾಯುವುದು ಅವರ ಕೆಲಸ. ನಮ್ಮ ಯಜಮಾನರು ಈ ಕೊನೆಯದನ್ನು ಉಳಿದೆರಡಕ್ಕಿಂತ ಹೆಚ್ಚು ಶ್ರದ್ಧೆಯಿಂದ ಮಾಡುತ್ತಿದ್ದರು. ಒಳ್ಳೆಯ ಮನುಷ್ಯರೇ. ಆದರೆ ನಿಯಮ ಎಂದರೆ ನಿಯಮ. ಸಾಕ್ಷಾತ್ ಸಂತರೇ ಎದುರಿಗೆ ಬಂದರೂ ಚಪ್ಪಲಿ ಹೊರಗೆ ಬಿಡಿ ಎನ್ನುವವರು.

ಹರಿಹರಕ್ಕೆ ಕಾರ್ಖಾನೆ ಬಂದ ಮೇಲೆ ನಮ್ಮ ಸಭೆ ಬೆಳೆಯಿತು. ಮಂಗಳೂರಿನವರು, ತಮಿಳಿನವರು, ಮಲೆಯಾಳದವರು ಬಂದು ಸೇರಿದರು. ಹಳೆಯ ಹೆಂಚಿನ ಗುಡಿಯಲ್ಲಿ ಅರ್ಧ ಜನ ಒಳಗೆ, ಅರ್ಧ ಜನ ಬಿಸಿಲಲ್ಲಿ. ಮಳೆಗಾಲದಲ್ಲಂತೂ ಸ್ವಾಮಿಗಳು ಪೀಠದ ಮೇಲೆ ಕೊಡೆ ಹಿಡಿಸಿಕೊಂಡು ಪೂಜೆ ಮಾಡಿದ್ದನ್ನು ನಾನೇ ಕಂಡಿದ್ದೇನೆ. ಕೊನೆಗೆ ಸಾವಿರದ ಒಂಬೈನೂರ ಅರವತ್ತಾರರಲ್ಲಿ ಗೋಡೆ ಎತ್ತರಿಸಿ, ಉದ್ದ ಮಾಡಿ, ಮೇಲೆ ತಾರಸಿ ಹಾಕುವುದೆಂದು ನಿಶ್ಚಯವಾಯಿತು. ಸಿಮೆಂಟಿಗೆ ಸರ್ಕಾರದ ಪರ್ಮಿಟ್ ಬೇಕಾಗಿದ್ದ ಕಾಲ ಅದು. ಅರ್ಜಿ ಹಾಕಿ ಕಾಯುತ್ತ ಕೂತಿದ್ದರೆ ಗುಡಿ ಏಳುವ ಹೊತ್ತಿಗೆ ನಾವೆಲ್ಲ ಮಣ್ಣಾಗಿರುತ್ತಿದ್ದೆವು. ಸುಣ್ಣದ ಗಾರೆಯ ತಾರಸಿಯೇ ಆಗಲಿ ಎಂದು ಸ್ವಾಮಿಗಳು ದಾವಣಗೆರೆಯಿಂದ ಜಮಾಲ್ ಸಾಬ್ ಮೇಸ್ತ್ರಿಯನ್ನು ಕರೆಸಿದರು. ಅವನ ಹಿಂದೆ ಇಪ್ಪತ್ತು ಜನ ಹೆಂಗಸರು ಬಂದರು. ಅವರ ಮುಂದಾಳು ಮರಿಯವ್ವ.

ಆ ಕೆಲಸವನ್ನು ಈಗಿನವರು ನೋಡಿಲ್ಲ. ತೊಲೆಗಳ ಮೇಲೆ ಇಟ್ಟಿಗೆ ಕೂರಿಸಿ, ಅದರ ಮೇಲೆ ಸುಣ್ಣ, ಇಟ್ಟಿಗೆಚೂರು ಕಲಸಿದ ಗಾರೆಯನ್ನು ಗೇಣುದಪ್ಪ ಹರಡುತ್ತಾರೆ. ಆಮೇಲೆ ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ಬಡಿಯಬೇಕು. ಒಂದು ದಿನವಲ್ಲ ಎರಡು ದಿನವಲ್ಲ, ಗಾರೆ ಕಲ್ಲಾಗಿ ಕೊಡತಿ ತಾನೇ ಮೇಲಕ್ಕೆ ಪುಟಿಯುವ ತನಕ. ನಡುನಡುವೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾರೆ. ಎಲ್ಲರ ಕೈ ಒಂದೇ ಸಲ ಬೀಳಬೇಕು, ಅದಕ್ಕೆ ಹಾಡು ಬೇಕು, ಹಾಡಿಗೆ ಮರಿಯವ್ವ ಬೇಕು. ಅವಳು ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಹಿಂದಿನಿಂದ ಹೇಳಿ ಬಡಿಯುವರು. ಗುಡಿಯಲ್ಲಿ ಕೆಲಸ ನಡೆದಷ್ಟು ದಿನ ಪೂಜೆ ಪಕ್ಕದ ಶಾಲೆಯಲ್ಲಿ ನಡೆಯುತ್ತಿತ್ತು. ಸ್ವಾಮಿಗಳು ಪ್ರವಚನ ನಿಲ್ಲಿಸಿ ಹಾಡು ಮುಗಿಯುವುದನ್ನು ಕಾಯುತ್ತಿದ್ದರು. ನಮಗೆ ಪ್ರವಚನಕ್ಕಿಂತ ಹಾಡೇ ಇಷ್ಟವಾಗುತ್ತಿತ್ತೆಂದು ಈಗ ಹೇಳಿದರೆ ಪಾಪವಿಲ್ಲ.

ನಾನು ಮಜ್ಜಿಗೆ ತೆಗೆದುಕೊಂಡು ಏಣಿ ಹತ್ತಿದ ಮೊದಲ ದಿನವೇ ಅವಳು ನನ್ನನ್ನು ಹಿಡಿದುಕೊಂಡಳು.

"ಅಮ್ಮಾರೆ, ಈ ಗುಡಿ ಅವ್ವನ ಹೆಸರೇನ್ರೀ?"

"ಮರಿಯಮ್ಮ," ಎಂದೆ.

ಅವಳ ಕೊಡತಿ ನಿಂತುಹೋಯಿತು. ಅದರೊಂದಿಗೆ ಸಾಲೆಲ್ಲ ನಿಂತಿತು. "ಏ ದುರುಗವ್ವಾ, ಕೇಳ್ದೇನೆ? ನಂದೇ ಹೆಸರಂತೆ! ಹಂಗಾದ್ರೆ ನಾವು ಬಡೀತಿರೋದು ನಮ್ಮನಿ ತಾರಸಿ. ಯಾರಾರ ಮೈಗಳ್ಳತನ ಮಾಡಿದ್ರೆ ನೋಡ್ರಿ ಮತ್ತೆ!"

ಪಕ್ಕದಲ್ಲಿದ್ದ ದುರುಗವ್ವ, "ನಿಮ್ಮನಿ ತಾರಸಿ ಅಂದ್ರೆ ನಿಮ್ಮನಿ ಹುಲ್ಲು ನೆನಪಾತು," ಎಂದು ನಕ್ಕಳು. ಮರಿಯವ್ವ ಬೇರೆ ಯಾರಿಗೋ ಹೇಳಿದ್ದೆಂಬಂತೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳ ಸ್ವಂತ ಮನೆಗೆ ಇದ್ದದ್ದು ಹುಲ್ಲಿನ ಮಾಡೇ.

ಮಜ್ಜಿಗೆಯ ನೆಪದಲ್ಲಿ ನಮ್ಮಿಬ್ಬರ ಸ್ನೇಹ ಬೆಳೆಯಿತು. ಅವಳು ಹುಟ್ಟಿದ್ದು ಕುಕ್ಕುವಾಡದಲ್ಲಿ, ಒಕ್ಕಲು ಮನೆಯಲ್ಲಿ. ಹದಿನಾಲ್ಕಕ್ಕೆ ಆನೆಕೊಂಡಕ್ಕೆ ಸೊಸೆಯಾಗಿ ಬಂದಳು. ಗಂಡ ಗಿಡ್ಡಪ್ಪ ಹತ್ತಿ ಮಂಡಿಯಲ್ಲಿ ಹಮಾಲಿ. ಹೆಸರು ಗಿಡ್ಡಪ್ಪ, ಆದರೆ ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸದೆ ಬರಲಾರದಷ್ಟು ಎತ್ತರದ ಆಳು. ಅವಳು ಕೊಡತಿ ಹಿಡಿದು ಇಪ್ಪತ್ತೈದು ವರ್ಷವಾಗಿತ್ತು. ದಾವಣಗೆರೆಯ ಸಿನಿಮಾ ಥಿಯೇಟರು, ಸಾಹುಕಾರರ ಬಂಗಲೆ, ಹೈಸ್ಕೂಲು, ಛತ್ರ, ಲಾಡ್ಜು, ಎಲ್ಲೆಲ್ಲಿ ಅವಳ ತಾರಸಿ ಇತ್ತೋ ಅವಳೇ ಬೆರಳೆಣಿಸಿ ಹೇಳುತ್ತಿದ್ದಳು.

"ಎಲ್ಲಾ ನೋಡೀಯಲ್ಲ, ಯಾವುದು ಚಂದ?" ಎಂದು ಒಂದು ದಿನ ಕೇಳಿದೆ.

"ಎಲ್ಲಿ ನೋಡೀನ್ರೀ? ಬಾಗಿಲು ಕೂಡ್ಸಾ ತಂಕ ನಾವು ಇರ್ತೀವಿ. ಬಾಗಿಲು ಕೂತ ಮ್ಯಾಲೆ ಬಾಗಿಲು ನಮಗಲ್ಲ."

ಬಂಗಲೆಯ ಗೃಹಪ್ರವೇಶದ ದಿನ ಕೆಲಸದವರಿಗೆ ಹೋಳಿಗೆ ಊಟವೇನೋ ಆಯಿತಂತೆ, ಹಿತ್ತಲಲ್ಲಿ, ದನದ ಕೊಟ್ಟಿಗೆಯ ಪಕ್ಕ. ಹೈಸ್ಕೂಲಿನಲ್ಲಿ ಜವಾನ ಗದರಿಸಿ ಕಳಿಸಿದ. ಥಿಯೇಟರಿಗೆ ಮಾತ್ರ ಟಿಕೆಟ್ ತೆಗೆಸಿ ಗಿಡ್ಡಪ್ಪನ ಜೊತೆ ಹೋದಳಂತೆ. ಸಿನಿಮಾ ಯಾರಿಗೆ ಬೇಕು, ಇವಳು ಮೇಲೆಯೇ ನೋಡುತ್ತ ಕೂತಳು. ಮೊದಲು ಕತ್ತಲೆ. ಇಂಟರ್ವಲ್‌ನಲ್ಲಿ ಲೈಟು ಹಾಕಿದರೆ ತಾರಸಿಯ ಕೆಳಗೆ ಉದ್ದಕ್ಕೂ ಬಿಳಿ ಬಟ್ಟೆ ಬಿಗಿದಿದ್ದರು!

ಇದನ್ನೂ ನಗುತ್ತಲೇ ಹೇಳಿದಳು. ಆಮೇಲೆ ಕೊಡತಿಯನ್ನು ತೊಡೆಯ ಮೇಲಿಟ್ಟುಕೊಂಡು, "ಒಂದಾ ಒಂದು ಆಸೆ ಐತ್ರೀ ಅಮ್ಮಾರೆ," ಎಂದಳು. "ನಾನು ಬಡಿದ ತಾರಸಿ ಕೆಳಗೆ, ಎಲ್ಲಾ ಮುಗುದು ಸುಣ್ಣ ಬಣ್ಣ ಆಗಿ ಚಂದಾಗಿ ನಿಂತಿರ್ತೈತಲ್ಲ, ಆವಾಗ ಒಂದ್ಸಲ ನಿಂತ್ಕಂಡು ಮ್ಯಾಲೆ ನೋಡಬೇಕು. ಈ ಕೈ ಇನ್ನೆಷ್ಟು ತಾರಸಿ ಬಡದಾವು? ಇದೇ ಕೊನೇದು ಅಂತ ಕಾಣ್ತೈತೆ." ಸುಣ್ಣ ತಿಂದು ಬಿರುಕು ಬಿಟ್ಟ ಅಂಗೈಗಳನ್ನು ತೋರಿಸಿದಳು. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ.

"ಆ ದಿನ ನಿನ್ನನ್ನು ನಾನೇ ಒಳಗೆ ಕರೆದುಕೊಂಡು ಹೋಗುತ್ತೇನೆ," ಎಂದು ಮಾತು ಕೊಟ್ಟೆ. ಕೊಟ್ಟುಬಿಟ್ಟೆ, ಯಜಮಾನರನ್ನು ಕೇಳದೆ.

ಮೇಸ್ತ್ರಿಗಳ ಲೋಕದ ಒಂದು ಪದ್ಧತಿಯನ್ನು ಇಲ್ಲಿ ಹೇಳಿಬಿಡಬೇಕು. ಬೆಳಿಗ್ಗೆ ಜಮಾಲ್ ಸಾಬ್ ಹಾಜರಿ ಪುಸ್ತಕ ತೆಗೆದು ಗೋಡೆಯ ಕೆಳಗೆ ನಿಂತು ಒಬ್ಬೊಬ್ಬರ ಹೆಸರನ್ನು ರಾಗವಾಗಿ ಕೂಗುತ್ತಿದ್ದ. ಒಂದೇ ಸಲ. "ಬಂದೀನ್ರೀ" ಅಂದರೆ ಹಾಜರಿ. ಅನ್ನದಿದ್ದರೆ ಕಣ್ಣೆದುರಿಗೇ ನಿಂತಿದ್ದರೂ ಗೈರುಹಾಜರಿ, ಆ ದಿನ ಕೆಲಸವಿಲ್ಲ. ಇಪ್ಪತ್ತೈದು ವರ್ಷ ಹೀಗೆ ಓಗೊಟ್ಟು ಮರಿಯವ್ವನಿಗೆ ಎಂಥ ಅಭ್ಯಾಸವಾಗಿತ್ತೆಂದರೆ, ಮನೆಯಲ್ಲಿ ಗಿಡ್ಡಪ್ಪ ನೀರು ಬೇಕೆಂದು ಕರೆದರೂ "ಬಂದೀನ್ರೀ" ಎಂದು ಎದ್ದು ನಿಲ್ಲುತ್ತಿದ್ದಳಂತೆ.

ತಾರಸಿ ಮುಗಿಯಿತು. ಮೇಲೆ ಅಂಚು ಕಟ್ಟಿ ಎಂಟು ದಿನ ನೀರು ನಿಲ್ಲಿಸಿ ನೋಡಿದರು, ಒಂದು ಹನಿ ಇಳಿಯಲಿಲ್ಲ. ಬಿಷಪರು ಗುಡಿಯ ಪ್ರತಿಷ್ಠೆಗೆ ಫೆಬ್ರವರಿಯ ಮೊದಲ ಭಾನುವಾರ ಬರುತ್ತೇನೆಂದು ಬರೆದರು. ಊರಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಕಾರ್ಖಾನೆಯ ಹುಡುಗರು ಪಾಳಿ ಮುಗಿಸಿ ನೇರ ಬಂದು ಪೆಂಡಾಲಿನ ಗಳ ನೆಡುವರು. ಪೇಟೆಯ ಅಲ್ಲಾಬಕ್ಷ್ ತನ್ನ ಬ್ಯಾಂಡ್‌ಸೆಟ್ ತಾನೇ ತರುತ್ತೇನೆಂದು ಹೇಳಿ ಹೋದ. ನಮ್ಮ ಮನೆಯಲ್ಲಂತೂ ಬೇರೆಯದೇ ಗದ್ದಲ. ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂದ ಹೊಸತು. ಪ್ರತಿಷ್ಠೆಯ ದಿನ ಮುಚ್ಚಿದ ಬಾಗಿಲ ಮುಂದೆ ನಿಂತು ಒಬ್ಬರು ಸಂತರ ಹೆಸರುಗಳನ್ನು ಒಂದೊಂದಾಗಿ ಕರೆದು, ಉಳಿದವರು ನಮಗಾಗಿ ಪ್ರಾರ್ಥಿಸು ಎನ್ನುವ ಪ್ರಾರ್ಥನೆಯನ್ನೂ ಕನ್ನಡದಲ್ಲೇ ಮಾಡಬೇಕೆಂದಾಯಿತು. ಕರೆಯುವ ಗೌರವ ನಮ್ಮ ಯಜಮಾನರದು. ಮೊದಲ ಹೆಸರು ಮಾತೆಯದು. ಮರಿಯಮ್ಮ ಎಂದರೆ ತಮಿಳಾಯಿತು, ಮರಿಯಾ ಎಂದರೆ ಕೊಂಕಣಿಯಾಯಿತು ಎಂದು ಸಭೆಯಲ್ಲಿ ತಕರಾರೆದ್ದಿತು. ಸ್ವಾಮಿಗಳೇ ಕೊನೆಗೆ, "ಈ ಸೀಮೆಯಲ್ಲಿ ತಾಯಿ ಅಂದರೆ ಅವ್ವ. ಮರಿಯವ್ವ ಅಂತಲೇ ಕರೆಯೋಣ," ಎಂದು ತೀರ್ಮಾನ ಮಾಡಿದರು.

ಇದಲ್ಲದೆ ಯಜಮಾನರಿಗೆ ಇನ್ನೊಂದು ಗೌರವವೂ ಇತ್ತು. ಪದ್ಧತಿ ಹೀಗೆ: ಗುಡಿಯೊಳಗೆ ಒಂದು ನರಪಿಳ್ಳೆಯೂ ಇರಬಾರದು, ಮುಂಬಾಗಿಲಿಗೆ ಒಳಗಿನಿಂದ ಅಗಳಿ. ಸಂತರ ಪ್ರಾರ್ಥನೆ ಮುಗಿದ ಕೂಡಲೇ ಯಜಮಾನರು ಹಿಂಬಾಗಿಲಿಂದ ಒಳಗೆ ಹೋಗಬೇಕು. ಬಿಷಪರು ತಮ್ಮ ದಂಡದಿಂದ ಮೂರು ಸಲ ಬಾಗಿಲು ಬಡಿದಾಗ ಇವರು ತೆಗೆಯಬೇಕು. ಎರಡು ವಾರ ನಮ್ಮ ಅಡುಗೆಮನೆಯ ಬಾಗಿಲು ತೆಗೆದು ಮುಚ್ಚಿ ಅಭ್ಯಾಸ ಮಾಡಿದರು. ನಾನು ಹಿಟ್ಟಿನ ಕೈಯಲ್ಲೇ ಬಿಷಪರಾಗಿ ಲಟ್ಟಣಿಗೆಯಿಂದ ಬಡಿಯುತ್ತಿದ್ದೆ.

ಇಂಥ ಒಳ್ಳೆಯ ಗಳಿಗೆ ನೋಡಿ ಮರಿಯವ್ವನ ಮಾತೆತ್ತಿದೆ. "ಒಳಗೆ ಜಾಗ ಜ್ಞಾನಸ್ನಾನ ಆದ ನಮ್ಮ ಕ್ರೈಸ್ತರಿಗೇ ಸಾಲದು, ಕೆಲಸದವರಿಗೆ ಪೆಂಡಾಲಿನಲ್ಲಿ ಕುರ್ಚಿ ಹಾಕಿಸುತ್ತೇವಲ್ಲ," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಲೆಕ್ಕ ಹಾಗಿತ್ತು. ಆದರೂ ನನಗೆ ಸಿಟ್ಟು ಬಂತು. ಪೆಂಡಾಲಿನಲ್ಲಿ ಕೂತು ತಲೆ ಎತ್ತಿದರೆ ಪೆಂಡಾಲು ಕಾಣುತ್ತದೆ, ತಾರಸಿ ಕಾಣುತ್ತದೆಯೇ? ದಾವಣಗೆರೆಗೆ ಹೋಗುತ್ತಿದ್ದವರ ಕೈಲಿ ಮರಿಯವ್ವನಿಗೆ ಹೇಳಿ ಕಳಿಸಿದೆ: ಭಾನುವಾರ ಮೊದಲ ಪ್ಯಾಸೆಂಜರಿಗೇ ಬಂದುಬಿಡು.

ಬಂದಳು. ಹಸಿರು ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ಎಣ್ಣೆ ಹಚ್ಚಿ ಬಿಗಿದ ತುರುಬು. "ಸಂಭ್ರಮಕ್ಕೆ ನಿದ್ದೀನೇ ಬರಲಿಲ್ರೀ," ಎಂದಳು. ಮೆತ್ತಗೆ ಹೇಳಿದ್ದಂತೆ ಅದು! ನಾನು ಅವಳ ಬಾಯಿ ಮುಚ್ಚಿ, ಯಜಮಾನರಿಗೆ ತಿಳಿಯದಂತೆ ತಂದಿದ್ದ ಬೀಗದ ಕೈಯಿಂದ ಹಿಂಬಾಗಿಲು ತೆಗೆದು ಒಳಗೆ ಬಿಟ್ಟೆ. "ಐದು ನಿಮಿಷ. ಚೆನ್ನಾಗಿ ನೋಡಿ ಹೊರಗೆ ಬಾ, ನಾನು ಇಲ್ಲೇ ಇರುತ್ತೇನೆ."

ಎಲ್ಲಿಯ ಇಲ್ಲೇ! ಬಿಷಪರ ಕಾರು ಒಂದು ಗಂಟೆ ಮುಂಚೆಯೇ ಬಂದುಬಿಟ್ಟಿತು. ಪಟಾಕಿ ಹಾರಿತು, ಅಲ್ಲಾಬಕ್ಷನ ಬ್ಯಾಂಡು ಹೊಡೆದುಕೊಂಡಿತು, "ಲೂರ್ದಮ್ಮಾ, ಆರತಿ ತಟ್ಟೆ ಎಲ್ಲಿ, ಹಾರ ಎಲ್ಲಿ" ಎಂದು ಹತ್ತು ಬಾಯಿ ಕೂಗಿದವು. ನಾನು ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟು ಓಡಿದೆ.

ಹಾರ ಹಾಕಿ, ಕಾಲು ಮುಟ್ಟಿ, ಕಾಫಿ ಕೊಟ್ಟು, ಮೆರವಣಿಗೆ ಗುಡಿಯ ಸುತ್ತ ಬಂದು ಮುಂಬಾಗಿಲಲ್ಲಿ ನಿಂತಾಗ ಅವಳ ನೆನಪಾಯಿತು. ಹೊರಗೆ ಬಂದಿರುತ್ತಾಳೆ ಎಂದುಕೊಂಡೆ. ಪೆಂಡಾಲಿನಲ್ಲಿ ಕೂತಿದ್ದ ಗಾರೆ ಹೆಂಗಸರ ಹತ್ತಿರ ಹೋಗಿ ಕೇಳಿದೆ. ದುರುಗವ್ವ, "ನಾವೂ ಅವಳನ್ನ ಹುಡಿಕ್ತಿದೀವ್ರೀ. ಜಾಗ ಹಿಡಿದಿಟ್ಟೀವಿ, ಬಂದೇ ಇಲ್ಲ," ಎಂದಳು. ತಿರುಗಿ ನೋಡಿದರೆ ಯಜಮಾನರ ಸೊಂಟದಲ್ಲಿ ಹಿಂಬಾಗಿಲ ಬೀಗದ ಕೈ ನೇತಾಡುತ್ತಿತ್ತು! ಬಾಗಿಲು ತೆರೆದಿದ್ದನ್ನು ಕಂಡು, ಯಾರಿದ್ದೀರಿ ಎಂದು ಒಂದು ಕೂಗು ಹಾಕಿ, ಉತ್ತರ ಬಾರದೆ ಹೋದಾಗ ಬೀಗ ಜಡಿದಿದ್ದರು. ಒಳಗೆ ಮರಿಯವ್ವ, ತಾರಸಿಯನ್ನು ಸರಿಯಾಗಿ ನೋಡಲು ಬೆಂಚುಗಳ ಹಿಂದೆ ತಣ್ಣನೆಯ ನೆಲದ ಮೇಲೆ ಅಂಗಾತ ಮಲಗಿದವಳು, ರಾತ್ರಿಯ ನಿದ್ದೆಯನ್ನೆಲ್ಲ ಅಲ್ಲೇ ತೀರಿಸಿಕೊಳ್ಳುತ್ತಿದ್ದಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಒಂದೇ, ಅವಳು ಒಳಗಿದ್ದಾಳೆ.

ಜನರನ್ನು ದಾಟಿ ಯಜಮಾನರ ಕಡೆ ನುಗ್ಗಿದೆ. ಆಗಲೇ ಬ್ಯಾಂಡು ನಿಂತಿತ್ತು. ನಮ್ಮ ಯಜಮಾನರು ಎದೆಯುಬ್ಬಿಸಿ, ಕಣ್ಣು ಮುಚ್ಚಿ, ಮುಚ್ಚಿದ ಬಾಗಿಲಿಗೆ ಮುಖ ಮಾಡಿ, ರಾಗವಾಗಿ ಮೊದಲ ಹೆಸರು ಕರೆದರು:

"ಮರಿಯವ್ವಾ..."

ಒಳಗಿನಿಂದ, ಖಾಲಿ ಗುಡಿಯ ಗೋಡೆಗೋಡೆಗೂ ಬಡಿದು ಹತ್ತು ಪಟ್ಟಾಗಿ, ಉತ್ತರ ಬಂತು:

"ಬಂದೇ... ಬಂದೀನ್ರೀ!"

ಮರುಗಳಿಗೆ ಸಾವಿರ ಜನ ದಡದಡನೆ ಮೊಣಕಾಲೂರಿದರು. ಕಾರ್ಖಾನೆ ಕ್ವಾರ್ಟರ್ಸಿನ ಹೆಂಗಸರು "ಮಾತೇ! ಮಾತೇ!" ಎಂದು ಅಳತೊಡಗಿದರು. ಅಲ್ಲಾಬಕ್ಷನ ಕೈಯಿಂದ ಕ್ಲಾರಿನೆಟ್ ಜಾರಿತು. ಯಜಮಾನರು ಪ್ರಾರ್ಥನೆಯ ಪುಸ್ತಕ ಕೆಳಗೆ ಬಿಟ್ಟು ಎರಡೂ ಕೈ ಜೋಡಿಸಿದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆಗ ಒಳಗಿನಿಂದ ಎರಡನೆಯ ಮಾತು ಬಂತು:

"ಹಾಜ್ರಿ ಹಾಕ್ಕಳ್ರೀ ಮೇಸ್ತ್ರೀ! ಬಂದೀನಂತ ಹೇಳಿಲ್ಲೇನು? ಗೈರುಹಾಜ್ರಿ ಬರೀಬ್ಯಾಡ್ರಿ ಮತ್ತೆ!"

ಪೆಂಡಾಲಿನಲ್ಲಿ ಜಮಾಲ್ ಸಾಬ್ ತಲೆಯ ಮೇಲೆ ಕೈ ಹೊತ್ತ. "ಯಾ ಅಲ್ಲಾ! ಇವಳು ನಮ್ಮ ಮರಿಯವ್ವ!"

ಗಾರೆ ಹೆಂಗಸರ ಸಾಲಿನಿಂದ ಮೊದಲ ನಗು ಸಿಡಿಯಿತು. ಅದು ಎಲ್ಲ ಕಡೆ ಹಬ್ಬುವಷ್ಟರಲ್ಲಿ ನಾನು ಯಜಮಾನರ ಮುಖ ನೋಡಿದೆ, ನನ್ನ ನಗು ಆರಿಹೋಯಿತು. ಅವರು ಸುಣ್ಣದಂತೆ ಬೆಳ್ಳಗಾಗಿದ್ದರು. ಬಿಷಪರ ಜೊತೆ ಬಂದಿದ್ದ ಹಿರಿಯ ಸ್ವಾಮಿಯೊಬ್ಬರು ಕೆಂಡವಾಗಿ, "ಯಾರದು ಒಳಗೆ ಬಿಟ್ಟದ್ದು? ಮೊದಲು ಆ ಹೆಂಗಸನ್ನು ಹೊರಗೆ ಹಾಕಿ," ಎಂದರು.

ನಾನಲ್ಲದೆ ಇನ್ಯಾರು ಹೇಳಬೇಕು? ಬಿಷಪರ ಮುಂದೆ ಹೋಗಿ ನಿಂತೆ. ತಪ್ಪು ನನ್ನದು, ಉಪದೇಶಿಗಳಿಗೆ ಏನೂ ತಿಳಿಯದು ಎಂದೆ. ಅವಳು ಯಾರು, ಇಪ್ಪತ್ತೈದು ವರ್ಷ ಎಷ್ಟು ತಾರಸಿ ಬಡಿದಳು, ಯಾವ ಬಾಗಿಲೂ ಅವಳಿಗೆ ಹೇಗೆ ತೆರೆಯಲಿಲ್ಲ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ನಡುವೆ ಅತ್ತುಬಿಟ್ಟೆ.

ಬಿಷಪರು ಬಾಗಿಲ ಹತ್ತಿರ ಹೋಗಿ, ಬಾಯಿಯನ್ನು ಸಂದಿಗೆ ತಂದು, "ಮರಿಯವ್ವಾ, ತಾರಸಿ ನೋಡಿದೆಯಾ ತಾಯಿ?" ಎಂದು ಕೇಳಿದರು.

ತಾನು ಎಲ್ಲಿದ್ದೇನೆಂದು ಅವಳಿಗೆ ಆಗ ಹೊಳೆದಿರಬೇಕು. ಆಮೇಲೆ ಅಳುಕಿದ ದನಿ, ಆದರೂ ಎಲ್ಲರಿಗೂ ಕೇಳಿಸಿತು: "ನೋಡ್ದೆ ಸ್ವಾಮಿ. ಆದ್ರೆ ನಾವು ಬಡಿದಿದ್ದು ಮ್ಯಾಲೈತೆ, ಕೆಳಗೆ ಏನೂ ಕಾಣಂಗಿಲ್ಲ. ತೊಲಿ, ಇಟ್ಟಿಗಿ ಅಷ್ಟೇ. ತೆಪ್ಪಾತು, ನಾನು ಹಿಂದ್ಲ ಬಾಗಿಲಾಸಿ ಹೊಂಟೋಗ್ತೀನಿ, ಬೀಗ ತೆಗೀರಿ."

ಯಾರೂ ನಗಲಿಲ್ಲ. ಯಜಮಾನರು ಸೊಂಟದಿಂದ ಬೀಗದ ಕೈ ಬಿಚ್ಚಿದರು. ಬಿಷಪರು ಅವರ ಕೈ ಹಿಡಿದು ನಿಲ್ಲಿಸಿದರು.

"ಉಪದೇಶಿಗಳೇ, ಒಳಗಿನಿಂದ ಬಾಗಿಲು ತೆಗೆಯಲು ಒಬ್ಬರು ಬೇಕಲ್ಲವೇ? ಒಬ್ಬರು ಇದ್ದಾರಲ್ಲ." ಮತ್ತೆ ಬಾಗಿಲಿಗೆ ಬಾಯಿಟ್ಟು, "ನೀನು ಎಲ್ಲಿಗೂ ಹೋಗಬೇಡ. ಮೂರನೇ ಸಲ ಬಡಿದಾಗ ಬಾಗಿಲು ತೆಗೆ," ಎಂದರು.

ಎರಡು ವಾರ ಅಡುಗೆಮನೆಯ ಬಾಗಿಲಲ್ಲಿ ಪಳಗಿದ್ದ ನನ್ನ ಗಂಡ ಒಂದು ಕ್ಷಣ ಆ ಬೀಗದ ಕೈಯನ್ನೇ ನೋಡಿದರು. ಮರುಕ್ಷಣ ಅದನ್ನು ನನ್ನ ಅಂಗೈಗೆ ಹಾಕಿ, ನೆಲದ ಮೇಲಿದ್ದ ಪುಸ್ತಕ ಎತ್ತಿಕೊಂಡರು. ಅವರ ಮೇಲೆ ನನಗೆ ಅಷ್ಟು ಪ್ರೀತಿ ಮದುವೆಯ ದಿನವೂ ಹುಟ್ಟಿರಲಿಲ್ಲ.

ಮೊದಲಿನಿಂದ ಶುರುವಾಯಿತು. "ಮರಿಯವ್ವಾ..." ಎಂದು ಕರೆದು ಅವರು ನಿಂತರು. ಸಾವಿರ ಕಿವಿ ಬಾಗಿಲ ಕಡೆ ಹೋದವು. ಒಳಗಿನಿಂದ ಸದ್ದಿಲ್ಲ. ಅವಳು ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳಂತೆ. ಆಗ ಎಲ್ಲರೂ, ಪೆಂಡಾಲಿನಲ್ಲಿದ್ದ ದುರುಗವ್ವ, ಉಳಿದ ಗಾರೆ ಹೆಂಗಸರು, ಜಮಾಲ್ ಸಾಬ್ ಸಮೇತ, "ನಮಗಾಗಿ ಪ್ರಾರ್ಥಿ‌ಸು" ಎಂದು ಕೂಗಿದರು. ಹೆಸರು ಹೆಸರಿಗೂ ದನಿ ಏರುತ್ತ ಹೋಯಿತು. ಕೊನೆಯ ಸಂತರ ಹೆಸರಾದ ಮೇಲೆ ಬಿಷಪರು ದಂಡ ಎತ್ತಿ ಬಡಿದರು. ಒಂದು. ಎರಡು. ಮೂರು.

ಅಗಳಿ ಸರಿಯಿತು. ಹೊಸ ಬಾಗಿಲು ಬಿಗಿಯಾಗಿತ್ತು. ಮಡಚದ ಬೆರಳುಗಳಿಂದ ಅವಳು ಎಳೆಯುವುದು ನಮಗೆಲ್ಲ ಗೊತ್ತಾಗುತ್ತಿತ್ತು, ಆದರೆ ಹೊರಗಿನಿಂದ ಯಾರೂ ತಳ್ಳಲಿಲ್ಲ. ಎರಡೂ ರೆಕ್ಕೆ ತೆರೆದವು. ಹಸಿರು ಸೀರೆಯ ಮರಿಯವ್ವ ನಡುಬಾಗಿಲಲ್ಲಿ ನಿಂತಿದ್ದಳು. ಅವಳ ಮುಂದೆ ದಂಡ ಹಿಡಿದ ಬಿಷಪರು, ಅವರ ಹಿಂದೆ ಸ್ವಾಮಿಗಳು, ಅವರ ಹಿಂದೆ ಸಾವಿರ ಜನ, ಎಲ್ಲರೂ ಹೊಸಿಲಿನ ಆಚೆ ಅವಳನ್ನೇ ನೋಡುತ್ತ ನಿಂತಿದ್ದರು. ಬಾಗಿಲು ತೆಗೆ ಎಂದಷ್ಟೇ ಹೇಳಿದ್ದರು. ತೆಗೆದ ಮೇಲೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಪಕ್ಕಕ್ಕೆ ಸರಿದು ಕೈ ಮುಗಿದಳು.

"ಯಾಕ ನಿಂತ್ರಿ?" ಎಂದಳು. "ಬರ್ರಿ, ಎಲ್ಲಾರೂ ಒಳಗ ಬರ್ರಿ."